ನಲವತ್ತೊಂಬತ್ತು ಶರತ್ಕಾಲಗಳ ಲೆಕ್ಕ

ಶರತ್ಕಾಲ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಮಳೆ ಹಿಂದೆ ಸರಿದ ಆಕಾಶ, ತಿಳಿಯಾದ ಕೆರೆ, ನವರಾತ್ರಿಯ ಬೊಂಬೆ, ದೀಪಾವಳಿಯ ಎಣ್ಣೆಸ್ನಾನ. ಎಲೆ ಉದುರುವುದು ನಮ್ಮ ಲೆಕ್ಕದಲ್ಲಿ ಶಿಶಿರದ ಕೆಲಸ. ಅದು ಬರುವುದು ಸಂಕ್ರಾಂತಿ ಕಳೆದ ಮೇಲೆ. ಹಾಗಾಗಿ ರಷ್ಯಾದ ಕಾದಂಬರಿಗಳನ್ನು ಕನ್ನಡದಲ್ಲಿ ಓದುವಾಗ 'ಶರತ್ಕಾಲ' ಎಂಬ ಪದ ಬಂದಲ್ಲೆಲ್ಲ ಒಂದು ಸಣ್ಣ ಪಲ್ಲಟವನ್ನು ಮನಸ್ಸಿನಲ್ಲೇ ಮಾಡಿಕೊಳ್ಳಬೇಕಾಗುತ್ತದೆ. ಅವರ ಶರತ್ಕಾಲ ಸುಗ್ಗಿಯೂ ಹೌದು, ಉದುರುವಿಕೆಯೂ ಹೌದು. ಸೆಪ್ಟೆಂಬರಿನಲ್ಲಿ ತೋಟದ ತುಂಬ ಸೇಬು, ಅಕ್ಟೋಬರಿನಲ್ಲಿ ಬೋಳು ಮರ ಮತ್ತು ಕೆಸರು, ನವೆಂಬರಿನಲ್ಲಿ ಹಿಮ. ಸುಖ, ಬದಲಾವಣೆ, ಸಾವು ಮೂರೂ ಎರಡೂವರೆ ತಿಂಗಳಲ್ಲಿ ಬಂದು ಹೋಗುತ್ತವೆ.

ಆದರೂ ಅವರ ಶರತ್ತಿಗೂ ನಮ್ಮ ಶರತ್ತಿಗೂ ಒಂದು ಕಡೆ ನಂಟು ಕೂಡುತ್ತದೆ. ನಮ್ಮ ವೇದಕಾಲದವರು ನೂರು ವರ್ಷ ಬಾಳು ಎಂದು ಹರಸುವಾಗ ವರ್ಷಗಳನ್ನು ಎಣಿಸಿದ್ದು ಶರತ್ತುಗಳಿಂದ. ಎಷ್ಟು ಶರತ್ಕಾಲ ಕಂಡೆ ಎಂಬುದೇ ಬದುಕಿನ ಅಳತೆ. ಹಾಗೆ ಎಣಿಸಿ ನೋಡಬಹುದಾದ ಒಂದು ಸಂಸಾರ ಲಿಯೋ ಟಾಲ್‌ಸ್ಟಾಯ್ ಮತ್ತು ಸೋಫಿಯಾ ಅವರದು. ಅವರ ಮದುವೆಯಾದದ್ದು 1862ರ ಸೆಪ್ಟೆಂಬರ್ 23ರಂದು. ಅವನು ಮನೆ ಬಿಟ್ಟು ಹೋದದ್ದು 1910ರ ಅಕ್ಟೋಬರ್ 28ರ ನಸುಕಿನಲ್ಲಿ. ವರ್ಷ ನಲವತ್ತೆಂಟು, ಶರತ್ಕಾಲ ನಲವತ್ತೊಂಬತ್ತು. (ಇಲ್ಲಿಯ ತಾರೀಖುಗಳೆಲ್ಲ, 1917ರವರೆಗಿನವು, ಆಗಿನ ರಷ್ಯಾದ ಹಳೆಯ ಪಂಚಾಂಗದವು. ಇಂದಿನ ಲೆಕ್ಕಕ್ಕೆ ತರಲು ಹತ್ತೊಂಬತ್ತನೇ ಶತಮಾನದ ತಾರೀಖಿಗೆ ಹನ್ನೆರಡು ದಿನ, ಇಪ್ಪತ್ತನೇ ಶತಮಾನದ ತಾರೀಖಿಗೆ ಹದಿಮೂರು ದಿನ ಕೂಡಿಸಿಕೊಳ್ಳಬೇಕು.)

ಈ ಸಂಸಾರವನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಅಲ್ಲಿ ಎಲ್ಲರೂ ಬರೆಯುತ್ತಿದ್ದರು. ಗಂಡ ದಿನಚರಿ ಬರೆದ, ಹೆಂಡತಿ ದಿನಚರಿ ಬರೆದಳು, ಮಕ್ಕಳಾದ ಸೆರ್ಗೇಯ್, ತಾನ್ಯಾ, ಇಲ್ಯಾ, ಲೆವ್, ಸಾಶಾ ನೆನಪುಗಳನ್ನು ಬರೆದರು. ನಾದಿನಿ ಬರೆದಳು, ಕಾರ್ಯದರ್ಶಿ ಬರೆದ, ಮನೆಯ ವೈದ್ಯನೂ ಬರೆದ. ಹೀಗಾಗಿ ಒಂದೇ ಶರತ್ಕಾಲದ ಒಂದೇ ಸಂಜೆ ನಾಲ್ಕಾರು ಕೈಗಳಲ್ಲಿ ದಾಖಲಾಗಿ ನಮಗೆ ಸಿಗುತ್ತದೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ಕೊನೆಗೆ ಆ ಮನೆ ಒಡೆದದ್ದೂ ಇದೇ ಪ್ರಶ್ನೆಯ ಮೇಲೆ: ನಮ್ಮ ಬದುಕಿನ ಕಥೆಯನ್ನು ನಾಳೆ ಯಾರ ಪುಸ್ತಕದಿಂದ ಓದುತ್ತಾರೆ?

ಮಾಸ್ಕೋದಿಂದ ದಕ್ಷಿಣಕ್ಕೆ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿ, ತೂಲ ಪಟ್ಟಣದ ಮಗ್ಗುಲಲ್ಲಿ ಯಾಸ್ನಾಯ ಪೊಲ್ಯಾನ ಇದೆ. ಹೆಬ್ಬಾಗಿಲಿನ ಎರಡು ದುಂಡು ಕಂಬಗಳು, ಅಲ್ಲಿಂದ ಮನೆಯವರೆಗೆ ಸಾಲು ಬರ್ಚ್ ಮರಗಳ ದಾರಿ, ಕೆರೆಗಳು, ಸೇಬಿನ ತೋಟ, ಆಚೆಗೆ ಕಾಡು. ಹದಿನೆಂಟು ವರ್ಷದ ಸೋಫಿಯಾ ಮದುವೆಯಾದ ಸಂಜೆಯೇ ಮಾಸ್ಕೋದ ತವರು ಬಿಟ್ಟು ಗಾಡಿಯಲ್ಲಿ ಇಲ್ಲಿಗೆ ಹೊರಟಳು. ವರನಿಗೆ ಮೂವತ್ತನಾಲ್ಕು. ಮದುವೆ ಮಾತು ಆಡಿದ ಮೇಲೆ ಒಂದು ವಾರಕ್ಕಿಂತ ಹೆಚ್ಚು ಅವನು ಕಾಯಲಿಲ್ಲ. ಆ ವಾರದಲ್ಲೇ ಇನ್ನೊಂದು ಕೆಲಸವನ್ನೂ ಮಾಡಿದ: ತನ್ನ ಬ್ರಹ್ಮಚಾರಿ ದಿನಗಳ ದಿನಚರಿಯನ್ನು ಅವಳ ಕೈಗಿಟ್ಟ. ಜೂಜು, ಹೆಂಗಸರು, ಹಳ್ಳಿಯ ರೈತ ಹೆಣ್ಣಿನ ಜೊತೆಗಿನ ಸಂಬಂಧ, ಎಲ್ಲವೂ ಅದರಲ್ಲಿತ್ತು. ಅವನ ಮಟ್ಟಿಗೆ ಇದು ಪ್ರಾಮಾಣಿಕತೆ. ಓದಿದವಳ ಮಟ್ಟಿಗೆ ಅದು ಜೀವಮಾನವಿಡೀ ಆರದ ಗಾಯ. ಮುಂದೆ 'ಅನ್ನಾ ಕರೆನಿನಾ'ದಲ್ಲಿ ಲೆವಿನ್ ಕಿಟಿಗೆ ಇದೇ ರೀತಿ ದಿನಚರಿ ಕೊಡುತ್ತಾನೆ. ಕಾದಂಬರಿಯಲ್ಲಿ ಆ ಪ್ರಸಂಗ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಮನೆಯಲ್ಲಿ ಅದು ಮುಗಿಯಲಿಲ್ಲ.

ಮದುವೆಯಾಗಿ ಎರಡು ವಾರ ಕಳೆಯುತ್ತಲೇ, ಅಕ್ಟೋಬರ್ 8ರಂದು, ಸೋಫಿಯಾ ತನ್ನದೇ ದಿನಚರಿ ತೆರೆದಳು. ಅವನು ಅವಳದನ್ನು ಓದುತ್ತಿದ್ದ, ಅವಳು ಅವನದನ್ನು. ಗಂಡ ಹೆಂಡಿರ ನಡುವೆ ಮುಚ್ಚುಮರೆ ಇರಬಾರದು ಎಂಬ ಆಸೆಯಿಂದ ಶುರುವಾದ ಈ ಪದ್ಧತಿ ಬೇಗನೆ ಬೇರೆಯೇ ಆಯಿತು. ಬಾಯಲ್ಲಿ ಆಡಲಾರದ ಮಾತನ್ನು ಅವರು ದಿನಚರಿಯಲ್ಲಿ, ಇನ್ನೊಬ್ಬರು ಓದುತ್ತಾರೆಂದು ಗೊತ್ತಿದ್ದೇ, ಬರೆಯತೊಡಗಿದರು. ನಮ್ಮ ಮನೆಗಳಲ್ಲಿ ಅಡುಗೆಮನೆಯ ಪಾತ್ರೆ ಸದ್ದು ಮಾಡುವಂತೆ ಅಲ್ಲಿ ದಿನಚರಿಗಳು ಸದ್ದು ಮಾಡುತ್ತಿದ್ದವು.

ಹಾಗೆಂದು ಆ ಮೊದಲ ಇಪ್ಪತ್ತು ಶರತ್ಕಾಲಗಳು ದುಃಖದವು ಎಂದುಕೊಳ್ಳಬಾರದು. ವರ್ಷದ ಬಹುಪಾಲು ಸಂಭ್ರಮಗಳು ಈ ಮನೆಗೆ ಬರುತ್ತಿದ್ದುದೇ ಬೇಸಿಗೆ ಮುಗಿದು ಶರತ್ಕಾಲ ಮೊದಲಾಗುವ ಹೊತ್ತಿಗೆ. ಆಗಸ್ಟ್ 22 ಅವಳ ಹುಟ್ಟುಹಬ್ಬ, 28 ಅವನದು, ಸೆಪ್ಟೆಂಬರ್ 17 ಅವಳ ಹೆಸರಿನ ಸಂತಳ ದಿನ, 23 ಮದುವೆಯ ದಿನ. ಅಂತೋನೊವ್ಕಾ ಸೇಬು ಹಣ್ಣಾಗುವುದೂ ಆಗಲೇ. ಹುಳಿ ಸಿಹಿ ಕೂಡಿದ ಆ ಹಣ್ಣಿನ ವಾಸನೆ ಇಡೀ ಮನೆ ಹಿಡಿಯುತ್ತದೆ. ಕಾಡಿನಿಂದ ಬುಟ್ಟಿಗಟ್ಟಲೆ ಅಣಬೆ ಬರುತ್ತಿತ್ತು. ಹೆಂಗಸರು ಹಣ್ಣು ಬೇಯಿಸಿ ಮುರಬ್ಬ ಮಾಡಿ ಚಳಿಗಾಲಕ್ಕೆ ಭರಣಿ ತುಂಬುತ್ತಿದ್ದರು. ಸೋಫಿಯಾಳ ತವರಿನಿಂದ ಬಂದ 'ಆಂಕೆ ಕಡುಬು' ಎಂಬ ನಿಂಬೆಹಣ್ಣಿನ ಸಿಹಿತಿಂಡಿ ಇಲ್ಲದೆ ಯಾವ ಹಬ್ಬವೂ ಆಗುತ್ತಿರಲಿಲ್ಲ. ತವರಿನ ಸ್ನೇಹಿತರಾಗಿದ್ದ ಒಬ್ಬ ವೈದ್ಯರ ಹೆಸರು ಆ ತಿಂಡಿಗೆ ಅಂಟಿಕೊಂಡಿತ್ತು. ಮಗ ಇಲ್ಯಾ ತನ್ನ ನೆನಪುಗಳಲ್ಲಿ ಈ ತಿಂಡಿಯನ್ನು ಇಡೀ ಗೃಹಸ್ಥ ಬದುಕಿನ ಗುರುತಾಗಿ ಕಾಣುತ್ತಾನೆ. ಕಾಲಕಾಲಕ್ಕೆ ಊಟ, ಮಕ್ಕಳಿಗೆ ಪಾಠ, ನೆಂಟರಿಗೆ ಹಾಸಿಗೆ ಎಂಬ ಅಮ್ಮನ ಶ್ರದ್ಧೆಯೆಲ್ಲ ಅದರಲ್ಲಿತ್ತು. ಮುಂದೆ ಅಪ್ಪ ತಿರುಗಿಬಿದ್ದದ್ದೂ ಆ ಬದುಕಿನ ಮೇಲೆಯೇ.

1866ರ ಸೆಪ್ಟೆಂಬರ್ 17ರ ಸಂಜೆ ಸೋಫಿಯಾಳ ಹೆಸರಿನ ದಿನ. ಟಾಲ್‌ಸ್ಟಾಯ್ ಅವಳಿಗೆ ತಿಳಿಯದಂತೆ ಹತ್ತಿರದಲ್ಲಿ ಬೀಡುಬಿಟ್ಟಿದ್ದ ಪದಾತಿದಳದ ವಾದ್ಯಮೇಳವನ್ನು ಕರೆಸಿದ. ಊಟಕ್ಕೆ ಕೂತಿದ್ದವರಿಗೆ ತೋಟದ ಕಡೆಯಿಂದ ಇದ್ದಕ್ಕಿದ್ದಂತೆ ಸಂಗೀತ ಕೇಳಿಸಿತು. ಜಗುಲಿಯಲ್ಲಿ ಎಲ್ಲರೂ ಕುಣಿದರು. ನಾದಿನಿ ತಾನ್ಯಾ ಆ ರಾತ್ರಿಯನ್ನು ಮುದುಕಿಯಾದ ಮೇಲೂ ಮರೆತಿರಲಿಲ್ಲ. ಆದರೆ ಆ ದಳದ ಜೊತೆ ಇನ್ನೊಂದು ನೆನಪೂ ಅಂಟಿಕೊಂಡಿತ್ತು. ಐದು ವಾರಗಳ ಹಿಂದಷ್ಟೇ ಅದೇ ದಳದ ಶಿಬೂನಿನ್ ಎಂಬ ಸಿಪಾಯಿಯನ್ನು, ಮೇಲಧಿಕಾರಿಗೆ ಹೊಡೆದ ತಪ್ಪಿಗೆ, ಗುಂಡಿಟ್ಟು ಕೊಂದಿದ್ದರು. ಸೇನಾ ನ್ಯಾಯಾಲಯದಲ್ಲಿ ಅವನ ಪರವಾಗಿ ವಾದಿಸಿ ಸೋತವನು ಟಾಲ್‌ಸ್ಟಾಯ್. ನಲವತ್ತು ವರ್ಷ ಕಳೆದ ಮೇಲೂ ಆ ಸೋಲು ಅವನನ್ನು ಕಾಡುತ್ತಿತ್ತು. ಹೆಂಡತಿಯನ್ನು ಕುಣಿಸಿದ್ದು, ಸಿಪಾಯಿಯನ್ನು ಕೊಂದದ್ದು ಒಂದೇ ದಳ ಎಂಬುದು ಆ ಸಂಜೆ ಯಾರ ಮನಸ್ಸಿಗೂ ಬಂದಂತೆ ಕಾಣುವುದಿಲ್ಲ. ಸುಖದ ದಿನಗಳು ಹಾಗೆಯೇ.

ಬೇಟೆ ಅವನ ಶರತ್ಕಾಲದ ಹುಚ್ಚು. ಕಟಾವಾದ ಹೊಲಗಳ ಮೇಲೆ ಕುದುರೆ ಓಡಿಸಿ, ನಾಯಿಗಳನ್ನು ಬಿಟ್ಟು ಮೊಲ, ನರಿಗಳನ್ನು ಅಟ್ಟುವುದು. 1864ರ ಸೆಪ್ಟೆಂಬರ್ 26ರಂದು ಒಂದು ಮೊಲದ ಹಿಂದೆ ಹೋಗಿ ಕುದುರೆಯಿಂದ ಬಿದ್ದು ಬಲಗೈ ಮುರಿದುಕೊಂಡ. ಕೈ ನೆಟ್ಟಗೆ ಕೂರದೆ ಮಾಸ್ಕೋಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಆಗ 'ಯುದ್ಧ ಮತ್ತು ಶಾಂತಿ'ಯ ಮೊದಲ ಭಾಗಗಳು ನಡೆಯುತ್ತಿದ್ದವು. ಕಟ್ಟುಹಾಕಿದ ಕೈ ಹಿಡಿದುಕೊಂಡು ಅವನು ಹೇಳುತ್ತ ಹೋದ, ತಾನ್ಯಾ ಬರೆದುಕೊಂಡಳು. ಓ.ಎಲ್. ನಾಗಭೂಷಣ ಸ್ವಾಮಿ ಅವರ ಅನುವಾದದಲ್ಲಿ ಆ ಕಾದಂಬರಿ ಓದಿದವರಿಗೆ ರೊಸ್ತೋವ್ ಮನೆಯವರ ಬೇಟೆ, ಆಮೇಲೆ 'ಚಿಕ್ಕಪ್ಪ'ನ ಮನೆಯಲ್ಲಿ ನತಾಶಾ ಕುಣಿಯುವ ರಾತ್ರಿ ನೆನಪಿರುತ್ತದೆ. ಆ ಶರತ್ಕಾಲ ಕಲ್ಪನೆಯಿಂದ ಬಂದದ್ದಲ್ಲ. ಅದು ಯಾಸ್ನಾಯ ಪೊಲ್ಯಾನದ ಹೊಲದ್ದು. ನತಾಶಾಳಲ್ಲಿ ತಾನ್ಯಾಳ ಅಂಶವೂ ಇದೆ, ಸೋಫಿಯಾಳ ಅಂಶವೂ ಇದೆ. ಬೇಸಿಗೆಯೆಲ್ಲ ಜಮೀನು ನೋಡಿಕೊಂಡವನು ಗಾಳಿ ತಣ್ಣಗಾಗುತ್ತಲೇ ಮೇಜಿನ ಮುಂದೆ ಕೂರುತ್ತಿದ್ದ. ಹಗಲಲ್ಲಿ ಅವನು ಗೀಚಿದ್ದನ್ನು ರಾತ್ರಿ, ಮಕ್ಕಳು ಮಲಗಿದ ಮೇಲೆ, ಸೋಫಿಯಾ ಮೇಣದಬತ್ತಿಯ ಬೆಳಕಿನಲ್ಲಿ ಶುದ್ಧಪ್ರತಿ ಮಾಡುತ್ತಿದ್ದಳು. ಅವನು ತಿದ್ದಿದಷ್ಟು ಸಲ ಅವಳು ಮತ್ತೆ ನಕಲು ಮಾಡಿದಳು. ಆ ಪುಸ್ತಕ ಜಗತ್ತಿಗೆ ಸೇರುವ ಮೊದಲು ಅವಳ ಬೆರಳುಗಳಿಗೆ ಸೇರಿತ್ತು.

1869ರ ಸೆಪ್ಟೆಂಬರಿನಲ್ಲಿ ಬೇರೆಯೇ ಒಂದು ಗಾಳಿ ಬೀಸಿತು. ಕಾದಂಬರಿಯ ಕೆಲಸ ಮುಗಿಯುತ್ತ ಬಂದಿತ್ತು, ಕೈಯಲ್ಲಿ ದುಡ್ಡಿತ್ತು. ಪೆಂಜಾ ಪ್ರಾಂತದಲ್ಲಿ ಜಮೀನು ಕೊಳ್ಳಲೆಂದು ಹೊರಟವನು ದಾರಿಯಲ್ಲಿ ಅರ್ಜಮಾಸ್ ಎಂಬ ಊರಿನಲ್ಲಿ ತಂಗಿದ. ನಡುರಾತ್ರಿ ಎಚ್ಚರವಾಗಿ ಕಾರಣವಿಲ್ಲದ ಭಯ ಹಿಡಿಯಿತು. ಸಾವು ಪಕ್ಕದಲ್ಲೇ ನಿಂತಂಥ ಭಯ. ಅದನ್ನು ಹೆಂಡತಿಗೆ ಪತ್ರದಲ್ಲಿ ಬರೆದ. ಹೊಲ, ಹೆಂಡತಿ, ಮಕ್ಕಳು, ಕೀರ್ತಿ ಎಲ್ಲ ಇದ್ದೂ ಇದೆಲ್ಲ ಯಾಕೆ ಎಂಬ ಪ್ರಶ್ನೆ ಆ ರಾತ್ರಿ ಅವನೊಳಗೆ ಬಂದು ಕೂತಿತು. ಕೆಲವೇ ವರ್ಷಗಳಲ್ಲಿ ಸಾವು ನಿಜವಾಗಿಯೂ ಮನೆಗೆ ಬಂತು. 1873ರ ನವೆಂಬರ್ 9ರಂದು ಒಂದೂವರೆ ವರ್ಷದ ಪೇತ್ಯಾ ಗಂಟಲುಬೇನೆಯಿಂದ ತೀರಿಕೊಂಡ. 1875ರ ಫೆಬ್ರವರಿಯಲ್ಲಿ ಒಂದು ಹಸುಗೂಸು, ಅದೇ ವರ್ಷ ಶರತ್ಕಾಲದ ಕೊನೆಗೆ ದಿನ ತುಂಬದೆ ಹುಟ್ಟಿದ ಇನ್ನೊಂದು. ಸೋಫಿಯಾ ಹೆತ್ತದ್ದು ಹದಿಮೂರು ಮಕ್ಕಳನ್ನು. ದೊಡ್ಡವರಾಗಿ ಬಾಳಿದವರು ಎಂಟು ಮಂದಿ.

ಸಾವಿನ ಮುಂದೆ ಇಬ್ಬರೂ ಎರಡು ದಾರಿ ಹಿಡಿದರು. ಅವನು ಅರ್ಥ ಹುಡುಕುತ್ತ ಹೊರಟ. ಆಸ್ತಿ ತಪ್ಪು, ಹಿಂಸೆ ತಪ್ಪು, ಬೆವರು ಸುರಿಸದೆ ಉಣ್ಣುವುದು ತಪ್ಪು ಎಂಬಲ್ಲಿಗೆ ತಲುಪಿದ. ಬೇಟೆ ಬಿಟ್ಟ, ಮಾಂಸ ಬಿಟ್ಟ, ತನ್ನ ಪಾದರಕ್ಷೆಯನ್ನು ತಾನೇ ಹೊಲಿಯಲು ಕಲಿತ. ಅವಳು ಉಳಿದ ಮಕ್ಕಳನ್ನು ಎದೆಗವಚಿಕೊಂಡಳು. ಅವರಿಗೆ ಓದು ಬೇಕು, ಬಟ್ಟೆ ಬೇಕು, ಮದುವೆಯಾಗಬೇಕು. ಹಿರಿಯ ಮಗನ ವಿಶ್ವವಿದ್ಯಾಲಯಕ್ಕೆಂದು 1881ರ ಸೆಪ್ಟೆಂಬರಿನಲ್ಲಿ ಸಂಸಾರ ಮಾಸ್ಕೋಗೆ ಬಂತು. ಅಲ್ಲಿಂದ ಮುಂದೆ ಶರತ್ಕಾಲವೆಂದರೆ ಅಗಲಿಕೆಯ ಕಾಲವೂ ಆಯಿತು. ಬೇಸಿಗೆಯಲ್ಲಿ ಹಳ್ಳಿಯಲ್ಲಿ ಕೂಡಿರುತ್ತಿದ್ದವರು ಸೇಬು ಕೀಳುವ ಹೊತ್ತಿಗೆ ಚದುರುತ್ತಿದ್ದರು. ಅವಳು ಚಿಕ್ಕ ಮಕ್ಕಳೊಂದಿಗೆ ನಗರಕ್ಕೆ ಹೋದರೆ ಅವನು ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಹಳ್ಳಿಯಲ್ಲೇ ಉಳಿಯುತ್ತಿದ್ದ. ಈ ಅಗಲಿಕೆಯ ಪತ್ರಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಎದುರಿಗಿದ್ದಾಗ ಜಗಳವಾಡುವವರು ದೂರವಿದ್ದಾಗ ಅಕ್ಕರೆಯಿಂದ ಬರೆಯುತ್ತಾರೆ.

ಎರಡು ದಾರಿಗಳೂ ಒಮ್ಮೆ ಒಂದಾದದ್ದು, ಅದೇ ತಿಂಗಳುಗಳಲ್ಲಿ ಸರಿಪಡಿಸಲಾರದಂತೆ ಕವಲೊಡೆದದ್ದು, 1891ರ ಶರತ್ಕಾಲದಲ್ಲಿ. ಆ ಸೆಪ್ಟೆಂಬರಿನಲ್ಲಿ ಟಾಲ್‌ಸ್ಟಾಯ್, 1881ರ ನಂತರ ತಾನು ಬರೆದದ್ದನ್ನೆಲ್ಲ ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು, ಅದರ ಮೇಲೆ ತನಗೆ ಹಕ್ಕಿಲ್ಲ ಎಂದು ಪತ್ರಿಕೆಯಲ್ಲಿ ಪ್ರಕಟಿಸಿದ. ಸೋಫಿಯಾ ಕೆಲವು ವರ್ಷಗಳಿಂದ ಅವನ ಪುಸ್ತಕಗಳನ್ನು ತಾನೇ ಪ್ರಕಟಿಸುತ್ತಿದ್ದಳು. ಅದಕ್ಕಾಗಿ ದಾಸ್ತೊಯೆವ್ಸ್ಕಿಯ ವಿಧವೆ ಅನ್ನಾಳ ಬಳಿ ಹೋಗಿ ಪ್ರಕಾಶನದ ಕೆಲಸ ಕೇಳಿ ತಿಳಿದುಕೊಂಡು ಬಂದಿದ್ದಳು. ಒಂಬತ್ತು ಮಕ್ಕಳ ಮನೆ ನಡೆಯುತ್ತಿದ್ದುದಕ್ಕೆ ಆ ದುಡಿಮೆಯ ಆಧಾರವೂ ಇತ್ತು. ಪುಸ್ತಕಗಳು ದೇವರ ಕೊಡುಗೆ, ಮಾರುವ ಸರಕಲ್ಲ ಎಂಬುದು ಅವನ ಮಾತು. ಅವುಗಳಲ್ಲಿ ನನ್ನ ರಾತ್ರಿಗಳೂ ಇವೆ ಎಂಬುದು ಅವಳದು. ಎರಡೂ ನಿಜ.

ಅದೇ ಶರತ್ಕಾಲ ಮಧ್ಯರಷ್ಯಾದಲ್ಲಿ ಬೆಳೆ ಹೋಗಿ ಭೀಕರ ಬರ ಬಿತ್ತು. ಸುಗ್ಗಿಯ ಕಾಲದಲ್ಲಿ ಕಣಜ ಬರಿದಾಗಿತ್ತು. ಜನ ಹಿಟ್ಟಿಗೆ ಕಾಡುಸೊಪ್ಪಿನ ಬೀಜ ಬೆರೆಸಿ ರೊಟ್ಟಿ ಮಾಡುತ್ತಿದ್ದರು. ಅಕ್ಟೋಬರಿನ ಕೊನೆಗೆ ಟಾಲ್‌ಸ್ಟಾಯ್ ತಾನ್ಯಾ, ಮಾಶಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ರಿಯಾಜಾನ್ ಪ್ರಾಂತದ ಬೆಗಿಚೆವ್ಕಾ ಹಳ್ಳಿಗೆ ಹೋಗಿ ಗಂಜಿ ಕೇಂದ್ರಗಳನ್ನು ತೆರೆದ. ಮಾಸ್ಕೋದಲ್ಲಿ ಜ್ವರ ಹಿಡಿದ ಮಕ್ಕಳ ನಡುವೆ ಕುಳಿತಿದ್ದ ಸೋಫಿಯಾ ನವೆಂಬರ್ 3ರ ಪತ್ರಿಕೆಯಲ್ಲಿ ಸಾರ್ವಜನಿಕರಿಗೆ ಒಂದು ಮನವಿ ಬರೆದಳು. ನನ್ನ ಮನೆಯವರೆಲ್ಲ ಹಸಿದವರ ಸೇವೆಗೆ ಹೋಗಿದ್ದಾರೆ, ನಿಮ್ಮ ಕೈಲಾದದ್ದು ಕೊಡಿ ಎಂಬ ಧಾಟಿಯ ಆ ಸರಳ ಪತ್ರಕ್ಕೆ ರಷ್ಯಾದ ಮೂಲೆಮೂಲೆಯಿಂದ, ಹೊರದೇಶಗಳಿಂದಲೂ, ಹಣ ಹರಿದು ಬಂತು. ಅವಳು ಪ್ರತಿಯೊಂದು ರೂಬಲ್ಲಿಗೂ ಲೆಕ್ಕವಿಟ್ಟಳು, ಬಟ್ಟೆ ಹೊಲಿಸಿದಳು, ಧಾನ್ಯ ಕಳಿಸಿದಳು, ಚಳಿಗಾಲದಲ್ಲಿ ತಾನೂ ಅಲ್ಲಿಗೆ ಹೋಗಿ ಬಂದಳು. ನೂರಾರು ಕೇಂದ್ರಗಳಲ್ಲಿ ಸಾವಿರಾರು ಜನ ಉಂಡರು. ಅವನ ಕರುಣೆಗೆ ಅವಳ ಲೆಕ್ಕದ ಪುಸ್ತಕ ಜೊತೆಯಾದಾಗ ಆ ಸಂಸಾರ ಎಂಥ ಕೆಲಸ ಮಾಡಬಲ್ಲದಾಗಿತ್ತು ಎಂಬುದಕ್ಕೆ ಅದೊಂದೇ ವರ್ಷ ಸಾಕ್ಷಿ.

1906ರ ಶರತ್ಕಾಲ ಎರಡು ಸಲ ಬಾಗಿಲು ಬಡಿಯಿತು. ಸೆಪ್ಟೆಂಬರಿನಲ್ಲಿ ಸೋಫಿಯಾಳ ಹೊಟ್ಟೆಯ ಗೆಡ್ಡೆಗೆ ಮನೆಯಲ್ಲೇ ಶಸ್ತ್ರಚಿಕಿತ್ಸೆಯಾಯಿತು. ಆ ಹೊತ್ತಿನಲ್ಲಿ ಟಾಲ್‌ಸ್ಟಾಯ್ ಒಬ್ಬನೇ ಕಾಡಿನ ಕಡೆ ಹೋದ. ಎಲ್ಲ ಸುಸೂತ್ರವಾದರೆ ಗಂಟೆಯನ್ನು ಎರಡು ಸಲ ಬಾರಿಸಿ ಎಂದವನು, ಆಮೇಲೆ ಬೇಡ, ಬಾರಿಸಬೇಡಿ, ನಾನೇ ಬರುತ್ತೇನೆ ಅಂದದ್ದನ್ನು ಇಲ್ಯಾ ಬರೆದಿಟ್ಟಿದ್ದಾನೆ. ಅವಳು ಉಳಿದಳು. ಆದರೆ ಮೂರು ತಿಂಗಳೊಳಗೆ, ನವೆಂಬರ್ 27ರಂದು, ಮೂವತ್ತೈದು ವರ್ಷದ ಮಾಶಾ ನ್ಯುಮೋನಿಯಾದಿಂದ ಹೋದಳು. ಬೆಗಿಚೆವ್ಕಾದಲ್ಲಿ ಅಪ್ಪನ ಜೊತೆ ಗಂಜಿ ಬಡಿಸಿದವಳು, ಆಸ್ತಿ ಪಾಲಾದಾಗ ನನಗೆ ಬೇಡ ಎಂದವಳು, ಮಕ್ಕಳಲ್ಲೆಲ್ಲ ಅವನ ಮನಸ್ಸಿಗೆ ಹತ್ತಿರವಾದವಳು. ಶವಪೆಟ್ಟಿಗೆಯ ಜೊತೆ ಹೆಬ್ಬಾಗಿಲಿನ ಕಂಬಗಳವರೆಗೆ ನಡೆದು ಬಂದ ಎಪ್ಪತ್ತೆಂಟರ ಮುದುಕ ಅಲ್ಲೇ ನಿಂತು ಮಗಳಿಗೆ ವಿದಾಯ ಹೇಳಿ, ಕರಗುತ್ತಿದ್ದ ಹಿಮದ ಮೇಲೆ ಸಣ್ಣ ಬಿರುಸು ಹೆಜ್ಜೆ ಹಾಕುತ್ತ ಮನೆಯತ್ತ ಹೊರಟ. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ ಎನ್ನುತ್ತಾನೆ ಇಲ್ಯಾ. ಮಗನ ಕಣ್ಣಿಗೆ ಬಿದ್ದ ಆ ಬೆನ್ನು ಅಪ್ಪನ ದಿನಚರಿಯಲ್ಲಿ ಸಿಗುವುದಿಲ್ಲ. ನಾಲ್ಕಾರು ಕೈಗಳು ಬರೆದದ್ದರ ಬೆಲೆ ಇಂಥಲ್ಲಿ ತಿಳಿಯುತ್ತದೆ.

ಕೊನೆಯ ಶರತ್ಕಾಲದ ಕಥೆ ಜಗತ್ತಿಗೆಲ್ಲ ಗೊತ್ತಿದೆ. ಆದರೆ ಅದು ಆರಂಭವಾದದ್ದು ಬೇಸಿಗೆಯಲ್ಲಿ. 1910ರ ಜುಲೈ 22ರಂದು ಟಾಲ್‌ಸ್ಟಾಯ್ ಮನೆಯಿಂದ ದೂರ, ಕಾಡಿನಲ್ಲಿ ಒಂದು ಮರದ ಬೊಡ್ಡೆಯ ಮೇಲೆ ಕೂತು ಗುಟ್ಟಾಗಿ ಉಯಿಲಿಗೆ ಸಹಿ ಹಾಕಿದ. ಬರೆದದ್ದೆಲ್ಲದರ ಹಕ್ಕು ಕಾಗದದ ಮೇಲೆ ಕಿರಿಯ ಮಗಳು ಸಾಶಾಳಿಗೆ. ಅದನ್ನು ಜನರಿಗೆ ಮುಕ್ತಗೊಳಿಸುವ ಹೊಣೆ ಶಿಷ್ಯ ಚೆರ್ಟ್‌ಕೋವ್‌ನಿಗೆ. ಸೋಫಿಯಾಳಿಗೆ ಯಾರೂ ಹೇಳಲಿಲ್ಲ, ಆದರೆ ವಾಸನೆ ಬಡಿದಿತ್ತು. ಅವಳಿಗೆ ಹಣಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಗಂಡನ ಇತ್ತೀಚಿನ ಹತ್ತು ವರ್ಷಗಳ ದಿನಚರಿ ಚೆರ್ಟ್‌ಕೋವ್‌ನ ಕೈಯಲ್ಲಿತ್ತು. ಸಿಟ್ಟಿನಲ್ಲಿ ಬರೆದ ಸಾಲುಗಳು ಮಾತ್ರ ಉಳಿದು, ನಾಳೆ ಲೋಕ ತನ್ನನ್ನು ಸಂತನ ಮನೆಯ ಮಾರಿ ಎಂದು ನೆನಪಿಡುತ್ತದೆ ಎಂದು ಅವಳಿಗೆ ಅನಿಸಿತ್ತು. ಅತ್ತಳು, ಬೆದರಿಸಿದಳು, ಕಾಗದ ಪತ್ರ ತಡಕಿದಳು. ಅವಳ ಆರೋಗ್ಯವೂ ಕೆಟ್ಟಿತ್ತು. ದಿನಚರಿಗಳನ್ನು ಚೆರ್ಟ್‌ಕೋವ್‌ನಿಂದ ತಂದು ತೂಲದ ಬ್ಯಾಂಕಿನಲ್ಲಿ ಇಡಬೇಕಾಯಿತು. ಟಾಲ್‌ಸ್ಟಾಯ್ ತನಗೆ ಮಾತ್ರ ಎಂದು ಇನ್ನೊಂದು ಸಣ್ಣ ದಿನಚರಿ ಶುರುಮಾಡಿ ಬೂಟಿನೊಳಗೆ ಬಚ್ಚಿಟ್ಟ. ಅದೂ ಅವಳಿಗೆ ಸಿಕ್ಕಿತು. ಮದುವೆಗೆ ಮುಂಚೆ ತಾನಾಗಿ ದಿನಚರಿ ಕೊಟ್ಟವನು ನಲವತ್ತೊಂಬತ್ತನೇ ಶರತ್ಕಾಲದಲ್ಲಿ ಅದನ್ನು ಬೂಟಿನಲ್ಲಿ ಅಡಗಿಸಬೇಕಾಗಿ ಬಂತು. ಆ ಸಂಸಾರದ ಇತಿಹಾಸವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲಾಗುವುದಿಲ್ಲ.

ಈ ಗದ್ದಲದ ನಡುವೆಯೇ, ಸೆಪ್ಟೆಂಬರ್ 7ರಂದು, ಮಗಳು ತಾನ್ಯಾಳ ಮನೆಯಿದ್ದ ಕೊಚೆತಿಯಿಂದ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿಗೆ ಅವನು ದೀರ್ಘ ಪತ್ರ ಬರೆದ. ಬಲಪ್ರಯೋಗವನ್ನು ಪ್ರೀತಿಯಿಂದ ಎದುರಿಸುವುದರ ಬಗ್ಗೆ ಅವನು ಕೊನೆಯದಾಗಿ ವಿವರವಾಗಿ ಬರೆದ ಮಾತುಗಳಲ್ಲಿ ಅದೂ ಒಂದು. ಗಾಂಧಿ ಅದೇ ವರ್ಷ ಜೋಹಾನ್ಸ್‌ಬರ್ಗ್ ಬಳಿ ಟಾಲ್‌ಸ್ಟಾಯ್ ಫಾರ್ಮ್ ಆರಂಭಿಸಿದ್ದರು. ಸಾವಿರಾರು ಮೈಲಿ ದೂರದ ಮನುಷ್ಯನ ಜೊತೆ ಪ್ರೀತಿಯ ಮಾತು ಇಷ್ಟು ಸಲೀಸಾಗಿ ಆಡಬಲ್ಲವನಿಗೆ ಪಕ್ಕದ ಕೋಣೆಯವಳ ಜೊತೆ ಆಡಲಾಗಲಿಲ್ಲ. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ದೂರದವರನ್ನು ಪ್ರೀತಿಸಲು ಒಂದು ತತ್ವ ಸಾಕಾಗುತ್ತದೆ, ಹತ್ತಿರದವರ ವಿಷಯದಲ್ಲಿ ಅರ್ಧ ಶತಮಾನದ ನೆನಪು ಅಡ್ಡ ಬರುತ್ತದೆ ಎಂದು ನನಗೆ ತೋರುತ್ತದೆ.

ಮದುವೆಯ ದಿನಕ್ಕೆಂದು ಅವನು ಊರಿಗೆ ಮರಳಿದ. ಸೆಪ್ಟೆಂಬರ್ 23ರಂದು ಕಾರ್ಯದರ್ಶಿ ಬುಲ್ಗಾಕೋವ್ ದಂಪತಿಗಳ ಫೋಟೋ ತೆಗೆದ. ಅವಳು ಅವನ ತೋಳಿನಲ್ಲಿ ಕೈಹಾಕಿ ಅವನ ಮುಖವನ್ನೇ ನೋಡುತ್ತಿದ್ದಾಳೆ. ಅವನು ನೇರ ಎದುರಿಗೆ ನೋಡುತ್ತಿದ್ದಾನೆ. ಸರಿಯಾಗಿ ಐದು ವಾರ ಕಳೆದ ಮೇಲೆ, ಅಕ್ಟೋಬರ್ 28ರ ನಸುಕಿನಲ್ಲಿ, ಅವಳು ತನ್ನ ಕೋಣೆಯಲ್ಲಿ ಕಾಗದ ತಡಕುವ ಸದ್ದು ಕೇಳಿ ಎದ್ದ. ಎಂಬತ್ತೆರಡರ ವಯಸ್ಸಿನಲ್ಲಿ, ವೈದ್ಯ ಮಕೊವಿತ್ಸ್ಕಿಯನ್ನು ಎಬ್ಬಿಸಿಕೊಂಡು, ಕತ್ತಲಲ್ಲಿ ಮನೆ ಬಿಟ್ಟ. ಬೆಳಿಗ್ಗೆ ಅವನ ಪತ್ರ ನೋಡಿದ ಸೋಫಿಯಾ ಓಡಿಹೋಗಿ ತಣ್ಣಗಿನ ಕೆರೆಗೆ ಬಿದ್ದಳು. ಸಾಶಾ, ಬುಲ್ಗಾಕೋವ್ ಎಳೆದು ಹಾಕಿದರು. ಅವನು ತಂಗಿ ಸನ್ಯಾಸಿನಿಯಾಗಿದ್ದ ಶಮೊರ್ದಿನೊ ಮಠಕ್ಕೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ರೈಲು ಹತ್ತಿ, ಜ್ವರ ಬಂದು ಅಸ್ತಾಪೊವೊ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದ. ಸ್ಟೇಷನ್ ಮಾಸ್ತರ ತನ್ನ ಮನೆ ಬಿಟ್ಟುಕೊಟ್ಟ. ಸೋಫಿಯಾ ವಿಶೇಷ ರೈಲು ಮಾಡಿಕೊಂಡು ಬಂದಳು. ವೈದ್ಯರು, ಮಕ್ಕಳು ಅವಳನ್ನು ಒಳಗೆ ಬಿಡಲಿಲ್ಲ. ಹೊರಗಿನಿಂದ ಕಿಟಕಿಯಲ್ಲಿ ಇಣುಕುತ್ತಿರುವ ಅವಳ ಚಿತ್ರವನ್ನು ಆಗಿನ ಸಿನಿಮಾದವರು ಸೆರೆಹಿಡಿದರು. ಅವನಿಗೆ ಪ್ರಜ್ಞೆ ಹೋಗುತ್ತಿದ್ದ ಹೊತ್ತಿನಲ್ಲಷ್ಟೇ ಅವಳಿಗೆ ಒಳಗೆ ಹೋಗಲು ಅವಕಾಶ ಸಿಕ್ಕಿದ್ದು. ನವೆಂಬರ್ 7ರ ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಅವನು ಹೋದ.

ಯಾಸ್ನಾಯ ಪೊಲ್ಯಾನದ ಕಾಡಿನಲ್ಲಿ, ಒಂದು ಕಂದರದ ಅಂಚಿನಲ್ಲಿ ಅವನನ್ನು ಮಣ್ಣು ಮಾಡಿದರು. ಮನುಷ್ಯರೆಲ್ಲರನ್ನೂ ಸುಖವಾಗಿಡುವ ಗುಟ್ಟು ಬರೆದ ಹಸಿರು ಕೋಲು ಅಲ್ಲಿ ಹೂತಿದೆ ಎಂದು ಅವನ ಅಣ್ಣ ನಿಕೊಲಾಯ್ ಚಿಕ್ಕಂದಿನಲ್ಲಿ ತಮ್ಮಂದಿರಿಗೆ ಹೇಳಿದ್ದ. ಚರ್ಚು 1901ರಲ್ಲೇ ಅವನನ್ನು ಹೊರಗಿಟ್ಟಿದ್ದರಿಂದ ಪ್ರಾರ್ಥನೆಯಿಲ್ಲ. ಶಿಲುಬೆಯಿಲ್ಲ, ಕಲ್ಲಿಲ್ಲ, ಹೆಸರಿಲ್ಲ. ಹುಲ್ಲು ಹೊದ್ದ ಒಂದು ದಿಬ್ಬ, ಅಷ್ಟೇ.

ಅವಳು ಇನ್ನೂ ಒಂಬತ್ತು ಶರತ್ಕಾಲ ಕಂಡಳು. ಉಯಿಲಿನಂತೆ ಸಾಶಾ ಪುಸ್ತಕಗಳಿಂದ ಬಂದ ಹಣದಲ್ಲಿ ಜಮೀನು ಕೊಂಡು ಊರಿನ ರೈತರಿಗೆ ಹಂಚಿದಳು. 1917ರ ಕ್ರಾಂತಿಯಲ್ಲಿ ಎಷ್ಟೋ ಜಮೀನ್ದಾರರ ಮನೆಗಳು ಸುಟ್ಟುಹೋದಾಗ ಈ ಮನೆ ಉಳಿಯಿತು. ಸೋಫಿಯಾ ಗಂಡನ ಕೋಣೆಯ ಒಂದೊಂದು ವಸ್ತುವನ್ನೂ ಪಟ್ಟಿ ಮಾಡಿದಳು, ಬಂದವರಿಗೆ ತೋರಿಸಿದಳು, ಸಮಾಧಿಗೆ ಹೋಗಿ ಬರುತ್ತಿದ್ದಳು. 1919ರ ಶರತ್ಕಾಲದಲ್ಲಿ ಕಿಟಕಿ ತೊಳೆಯುವಾಗ ಶೀತ ಹಿಡಿದು, ನ್ಯುಮೋನಿಯಾ ಆಗಿ, ಹೊಸ ಪಂಚಾಂಗದ ನವೆಂಬರ್ 4ರಂದು ತೀರಿಕೊಂಡಳು. ಅವಳನ್ನು ಗಂಡನ ಪಕ್ಕದಲ್ಲಿ ಹೂಳಲಿಲ್ಲ. ಎರಡು ಮೂರು ಕಿಲೋಮೀಟರ್ ಆಚೆ ಕೊಚಾಕಿಯ ಸ್ಮಶಾನದಲ್ಲಿ, ಮಾಶಾಳೂ ಸತ್ತ ಕೂಸುಗಳೂ ಇರುವ ಕಡೆ ಅವಳ ಸಮಾಧಿಯಿದೆ. ಸಾಶಾ 1929ರಲ್ಲಿ ರಷ್ಯಾ ಬಿಟ್ಟು ಜಪಾನಿಗೆ, ಅಲ್ಲಿಂದ ಅಮೆರಿಕಾಕ್ಕೆ ಹೋಗಿ, ದಿಕ್ಕಿಲ್ಲದ ನಿರಾಶ್ರಿತರಿಗೆ ನೆಲೆ ಒದಗಿಸುವ ಸಂಸ್ಥೆ ಕಟ್ಟಿದಳು. ಅವಳು ತೀರಿಕೊಂಡದ್ದು 1979ರ ಸೆಪ್ಟೆಂಬರ್ 26ರಂದು, ತೊಂಬತ್ತೈದರಲ್ಲಿ. ಅದೂ ಶರತ್ಕಾಲವೇ. ಉಳಿದ ಮಕ್ಕಳಲ್ಲಿ ಹಲವರು ರೋಮ್, ಸ್ವೀಡನ್, ಅಮೆರಿಕಾ ಎಂದು ಚದುರಿದರು. 1941ರ ಅಕ್ಟೋಬರಿನ ಕೊನೆಗೆ ಜರ್ಮನ್ ಸೇನೆ ಈ ಮನೆಯನ್ನು ಹಿಡಿದು ಆರೂವರೆ ವಾರ ಬೀಡುಬಿಟ್ಟಿತು. ಹೋಗುವಾಗ ಬೆಂಕಿ ಇಟ್ಟಿತು. ಮ್ಯೂಸಿಯಂ ನೌಕರರು, ಹಳ್ಳಿಯವರು ಸೇರಿ ಆರಿಸಿದರು.

ಅವಳು ಹೆದರಿದ್ದು ಬಹುಮಟ್ಟಿಗೆ ನಿಜವಾಯಿತು. ಟಾಲ್‌ಸ್ಟಾಯ್‌ನ ಸಮಗ್ರ ಕೃತಿಗಳು 1928ರಿಂದ 1958ರವರೆಗೆ ತೊಂಬತ್ತು ಸಂಪುಟಗಳಲ್ಲಿ ಬಂದವು. ಅವುಗಳಲ್ಲಿ ಹದಿಮೂರು ಬರೀ ದಿನಚರಿಗಳದು. ಅವನ 'ಕ್ರೂಟ್ಜರ್ ಸೊನಾಟಾ'ಕ್ಕೆ ಉತ್ತರವಾಗಿ ಅವಳು ಬರೆದ 'ಯಾರ ತಪ್ಪು?' ಎಂಬ ಕಿರುಕಾದಂಬರಿ ಅಚ್ಚಾದದ್ದು 1994ರ ಹೊತ್ತಿಗೆ. 'ನನ್ನ ಬದುಕು' ಎಂಬ ಅವಳ ದೊಡ್ಡ ಆತ್ಮಕಥೆ ಪೂರ್ತಿಯಾಗಿ 2010ರಲ್ಲಿ ಇಂಗ್ಲಿಷಿನಲ್ಲಿ, 2011ರಲ್ಲಿ ಅವಳದೇ ಭಾಷೆಯಲ್ಲಿ ಬಂತು. ಗಂಡನ ಮಾತಿಗೆ ಅವಳ ಮಾತು ಸೇರಲು ನೂರು ಶರತ್ಕಾಲ ಬೇಕಾಯಿತು. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದು. ಓದಿದರೆ ತೀರ್ಪು ಕೊಡುವ ಉತ್ಸಾಹ ಕಡಿಮೆಯಾಗುತ್ತದೆ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಟ್ಟಿದ್ದಾರೆ. ಕುಣಿದ ಸಂಜೆ, ಮುರಿದ ಕೈ, ಪೇತ್ಯಾನ ಗಂಟಲು, ಬೆಗಿಚೆವ್ಕಾದ ಗಂಜಿ, ಇವೆಲ್ಲ ಇಬ್ಬರಿಗೂ ಸೇರಿದವು.

ನಮ್ಮಲ್ಲಿಯೂ ಶರತ್ತು ಕಾಲಿಡುವ ಮುನ್ನ ಪಿತೃಪಕ್ಷ ಬರುತ್ತದೆ. ಎಡೆ ಇಡುವಾಗ ಹೋದವರ ಹೆಸರು ಹೇಳುತ್ತೇವೆ. ಗಂಡಸರ ಹೆಸರು ಮೂರು ತಲೆಮಾರಿನವರೆಗೆ ಬಾಯಿಗೆ ಬರುತ್ತದೆ, ಹೆಂಗಸರ ಹೆಸರಿಗೆ ಎಷ್ಟೋ ಮನೆಗಳಲ್ಲಿ ತಡವರಿಸಬೇಕಾಗುತ್ತದೆ. ಬರೆದಿಟ್ಟವಳ ಮಾತೇ ನೂರು ವರ್ಷ ಕಾಯಬೇಕಾಯಿತು ಎಂದರೆ ಬರೆಯದೆ ಹೋದವರ ಶರತ್ಕಾಲಗಳ ಲೆಕ್ಕ ಯಾರ ಬಳಿ ಇದೆ? ಮನೆಯಲ್ಲಿ ಹಿರಿಯರು ಇರುವಾಗಲೇ, ಒಂದೇ ಸಂಗತಿಯನ್ನು ಅಜ್ಜನನ್ನೂ ಅಜ್ಜಿಯನ್ನೂ ಬೇರೆಬೇರೆಯಾಗಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಇಂದು ಯಾಸ್ನಾಯ ಪೊಲ್ಯಾನಕ್ಕೆ ಹೋದವರು ನೋಡುವುದು 1910ರ ಅಕ್ಟೋಬರಿನಲ್ಲಿ ಅವನು ಬಿಟ್ಟು ಹೋದ ಮನೆಯನ್ನು. ಅವನ ಮೇಜು, ಕುರ್ಚಿ, ಕಪಾಟಿನ ಪುಸ್ತಕಗಳು ಇದ್ದ ಜಾಗದಲ್ಲೇ ಇವೆ. ಬಿಟ್ಟು ಹೋದವನು ಅವನು. ಹಾಗೆಯೇ ಇಟ್ಟುಕೊಂಡವಳು ಅವಳು.